ಘಟದ ಸರದಿ

ಇಪ್ಪತ್ತು ವರ್ಷ ಚೆಲುವರಾಜು ತನ್ನ ಗುರುಗಳ ಮೃದಂಗದ ಪಕ್ಕದಲ್ಲಿ ಕೂತು ಘಟ ನುಡಿಸಿದ.

ಕಛೇರಿಯ ಕಟ್ಟಳೆ ಅದು. ಮೃದಂಗ ಒಂದು ವರಸೆ ನುಡಿಸುತ್ತದೆ, ಘಟ ಅದನ್ನೇ ಹಿಂತಿರುಗಿಸುತ್ತದೆ. ಕೂದಲೆಳೆಯಷ್ಟೂ ವ್ಯತ್ಯಾಸ ಬರಕೂಡದು. ಗುರುಗಳಾದ ಅಪ್ರಮೇಯಾಚಾರ್ಯರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಶಿಷ್ಯನೂ ಅಷ್ಟೇ ವಿಧೇಯ. ಅವರು ಕೊಟ್ಟದ್ದನ್ನು ತೊಳೆದ ಪಾತ್ರೆಯ ಹಾಗೆ ವಾಪಸು ಕೊಡುತ್ತಿದ್ದ.

ಆಚಾರ್ಯರ ಬೆರಳು ಗಂಟುಕಟ್ಟಿ ಕಛೇರಿ ನಿಂತು ಎರಡು ವರ್ಷವಾಗಿತ್ತು. ಮೃದಂಗ ಎದ್ದುಹೋದ ಮೇಲೆ ಘಟವನ್ನು ಯಾರು ಕೇಳುತ್ತಾರೆ? ಚೆಲುವರಾಜುವನ್ನೂ ಯಾರೂ ಕರೆಯಲಿಲ್ಲ. ಅವನಿಗೆ ಅದರಿಂದ ತುಂಬ ಅವಮಾನವಾಗಿತ್ತು. ಹೇಳಿಕೊಳ್ಳಲಿಲ್ಲ, ಅಷ್ಟೇ.

ಒಂದು ಬುಧವಾರ ಬೆಳಿಗ್ಗೆ ಅವನು ಘಟ ಹೊತ್ತುಕೊಂಡು ಹೊಳೆದಂಡೆಯ ಗುರುಮನೆಗೆ ಬಂದ. ನಮಸ್ಕಾರ ಮಾಡಿ ಜಗಲಿಯಲ್ಲಿ ಕುಸಿದು ಕೂತ.

“ಏನೋ, ಮುಖ ಹೀಗಿದೆ?”

“ಬೆಂಗಳೂರಿಂದ ಕರೆದಿದ್ದಾರೆ ಮೇಷ್ಟ್ರೇ. ಶನಿವಾರ ಸಂಜೆ, ಒಂದು ಕ್ಲಬ್ಬಲ್ಲಿ. ಜಾಜ್ ನುಡಿಸೋರು.”

“ಒಳ್ಳೇದೇ ಆಯ್ತಲ್ಲ. ಯಾರ ಪಕ್ಕ?”

“ಯಾರ ಪಕ್ಕಾನೂ ಅಲ್ಲ. ಅದೇ ತೊಂದರೆ ಆಗಿರೋದು.”

ಸ್ಯಾಕ್ಸಫೋನ್ ಊದುವ ಯೋಲಾಂಡ ಎಂಬಾಕೆಯ ತಂಡ ಅದು. ಏನು ನುಡಿಸಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯೇ ಅವರಲ್ಲಿಲ್ಲ. ವೇದಿಕೆ ಹತ್ತಿದ ಮೇಲೆ ಹುಟ್ಟಿದ್ದೇ ಸಂಗೀತ. ಒಬ್ಬರು ಒಂದು ಮಾತೆತ್ತಿದರೆ ಇನ್ನೊಬ್ಬರು ಅದಕ್ಕೆ ಬೇರೆಯದೇ ಮಾತು ಸೇರಿಸಬೇಕು.

“ನಿನ್ನೆ ಅಭ್ಯಾಸಕ್ಕೆ ಹೋಗಿದ್ದೆ,” ಅಂದ ಚೆಲುವರಾಜು. “ಆಯಮ್ಮ ಒಂದು ತುಣುಕು ಊದಿದ್ರು. ಅದನ್ನೇ ಘಟದಲ್ಲಿ ತಿರುಗಿಸಿ ಕೊಟ್ಟೆ. ಇನ್ನೊಂದು ಊದಿದ್ರು. ಅದನ್ನೂ ಕೊಟ್ಟೆ, ಒಂದಕ್ಷರ ತಪ್ಪಿಲ್ಲ.”

“ಭೇಷ್.”

“ನಿಲ್ಲಿಸಿಬಿಟ್ರು ಮೇಷ್ಟ್ರೇ. ‘ಇದನ್ನ ನಾನೇ ಹೇಳಿದೆನಲ್ಲ ಸಾರ್, ನೀವೇನು ಹೇಳ್ತೀರಿ?’ ಅಂದ್ರು.”

ಆಚಾರ್ಯರು ನಕ್ಕರು. ಅದು ಹಿತವಾದ ನಗುವಾಗಿರಲಿಲ್ಲ.

“ಶನಿವಾರ ನಾನೇ ಶುರು ಮಾಡ್ಬೇಕಂತೆ. ಒಬ್ಬನೇ. ಆಗಲ್ಲ ಅನ್ನೋದಾದ್ರೆ ಇವತ್ತು ಸಂಜೆಯೊಳಗೆ ತಿಳಿಸಿಬಿಡಿ, ಬೇರೆಯವರನ್ನ ನೋಡ್ಕೋತೀವಿ ಅಂದಿದ್ದಾರೆ. ಪೋಸ್ಟರಲ್ಲಿ ನನ್ನ ಹೆಸರು ಬಂದಿದೆ ಮೇಷ್ಟ್ರೇ. ನಲವತ್ತಮೂರನೇ ವಯಸ್ಸಿಗೆ ಮೊದಲ್ನೇ ಸಲ ನನ್ನ ಹೆಸರು ಒಂದೇ ಬಂದಿದೆ. ಕೆಳಗೆ ಇಂಥವರ ಶಿಷ್ಯ ಅಂತ ಇಲ್ಲ.”

ಹೇಳಬಾರದ್ದು ಬಾಯಿ ತಪ್ಪಿ ಬಂದುಬಿಟ್ಟಿತ್ತು. ಅವನು ನಾಲಗೆ ಕಚ್ಚಿಕೊಂಡ. ಆಚಾರ್ಯರು ಕೇಳಿಸದವರ ಹಾಗೆ ಹೊಳೆಯ ಕಡೆ ನೋಡಿದರು.

“ನನ್ನದು ಅಂತ ಒಂದು ವರಸೆ ಕೊಡಿ ಮೇಷ್ಟ್ರೇ. ಒಂದು ಸಾಕು.”

“ನಿಂದನ್ನ ನಾನು ಹ್ಯಾಗೋ ಕೊಡ್ಲಿ?”

ಅವರು ಒಳಗೆ ಹೋಗಿ ಮೃದಂಗ ತಂದರು. ಒಂದು ಬಟ್ಟಲಲ್ಲಿ ರವೆ, ನೀರು. ರವೆ ಕಲಸಿ ಮೃದಂಗದ ಎಡಬದಿಗೆ ಮೆತ್ತಿದರೆ ತಾನೇ ನಾದಕ್ಕೆ ಗಾಂಭೀರ್ಯ? ಇಪ್ಪತ್ತೆರಡು ವರ್ಷದಿಂದ ಅದು ಶಿಷ್ಯನ ಕೆಲಸ. ಅವನು ಬಟ್ಟಲಿಗೆ ಕೈ ಚಾಚಿದ.

“ಬಿಡು. ಇವತ್ತು ನಾನು ಕಲಸ್ತೀನಿ. ನೀನು ಶುರು ಮಾಡು.”

ಚೆಲುವರಾಜು ಘಟವನ್ನು ಮಡಿಲಿಗೆಳೆದುಕೊಂಡು ಕಾದ. ಆಚಾರ್ಯರು ರವೆ ಕಲಸುತ್ತಲೇ ಇದ್ದರು. ಕೆಳಗೆ ಹೊಳೆಯ ಮೆಟ್ಟಿಲ ಬಳಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ಯಾರಿಗೆ ಕಾಯ್ತಿದ್ದೀಯ?”

“ನೀವು ನುಡಿಸ್ತೀರೇನೋ ಅಂತ...”

“ನಾನು ಸತ್ತೆ ಅಂತ ತಿಳ್ಕೋ. ನುಡಿಸು.”

ಅವನು ಒಂದು ವರಸೆ ನುಡಿಸಿದ.

“ಇದು ನಂದು,” ಅಂದರು ಆಚಾರ್ಯರು, ತಲೆಯೆತ್ತದೆ. “ಹಾಸನದ ರಾಮೋತ್ಸವದಲ್ಲಿ ನುಡಿಸಿದ್ದು.”

ಇನ್ನೊಂದು ನುಡಿಸಿದ.

“ಇದು ನಮ್ಮ ಮೇಷ್ಟ್ರದು. ಅವರಿಂದ ನಾನು ಕದ್ದೆ, ನನ್ನಿಂದ ನೀನು ಕದ್ದೆ.”

ಚೆಲುವರಾಜು ಬೆವತ. ಕಣ್ಣು ಮುಚ್ಚಿಕೊಂಡು, ಏನಾದರಾಗಲಿ ಎಂದು ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟ. ಲಯ ಎಲ್ಲೋ ಎಡವಿ ಸರಿಹೋಯಿತು.

“ಅದು ನನ್ನ ತಪ್ಪು ಕಣೋ,” ಅಂದರು ಆಚಾರ್ಯರು. “ಜ್ವರ ಬಂದಿದ್ದಾಗ ಕೈ ಜಾರಿತ್ತು. ಅದನ್ನೂ ಬಿಡದೆ ಕಲ್ತಿದ್ದೀಯ.”

ಶಿಷ್ಯ ಘಟವನ್ನು ಮಡಿಲಿಂದ ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಅವನು ಗುರುಗಳ ಎದುರು ದನಿಯೆತ್ತಿದ್ದು ಅದೇ ಮೊದಲು.

“ಹಾಗಾದ್ರೆ ನನ್ನನ್ನ ಏನು ಮಾಡಿಟ್ರಿ ನೀವು? ಒಂದೇ ಒಂದು ಸಲ, ನಿಮ್ಮ ಹತ್ರ ಬಂದ ಏಳನೇ ವರ್ಷ, ನನ್ನ ಕೈಯಿಂದ ಬೇರೆ ಏನೋ ಬಂತು. ಸಭೆಯೆಲ್ಲ ಭಲೇ ಅಂತು. ಕಛೇರಿ ಮುಗಿಯೋದೇ ತಡ, ಇವನಿಗೆ ತಾಳಜ್ಞಾನವೇ ಇಲ್ಲ ಅಂತ ಎಲ್ಲರೆದುರಿಗೆ ಅಂದ್ರಿ. ಒಂದು ವರ್ಷ ಬಾಗಿಲಿಗೆ ಸೇರಿಸಲಿಲ್ಲ. ಇನ್ನು ಮಾಡಲ್ಲ ಅಂತ ಕಾಲು ಹಿಡಿದ ಮೇಲೆ ಒಳಗೆ ಬಿಟ್ಟಿರಿ.”

“ಹೌದು.”

“ಅವತ್ತು ಏನು ನುಡಿಸಿದೆ ಅಂತ ಕೂಡ ನನಗೀಗ ನೆನಪಿಲ್ಲ. ಮರೆತುಬಿಡು ಅಂದ್ರಿ. ಮರೆತೆ.”

ಆಚಾರ್ಯರು ರವೆಯನ್ನು ಮೃದಂಗಕ್ಕೆ ಮೆತ್ತಿ, ಕೈ ಒರೆಸಿಕೊಂಡು, ಒಮ್ಮೆ ತಟ್ಟಿ ನೋಡಿದರು.

ಆಮೇಲೆ ಆ ಗಂಟುಬೆರಳುಗಳಲ್ಲೇ ಒಂದು ಪುಟ್ಟ ವರಸೆ ನುಡಿಸಿದರು. ಅದು ಓಡೋಡಿ ಸಮಕ್ಕೆ ಬಂತು. ಸಮ ಎಂದರೆ ತಾಳದ ಮೊದಲ ಎಣಿಕೆ, ಓಡಿದ ಲಯವೆಲ್ಲ ಬಂದು ಸೇರಬೇಕಾದ ಜಾಗ. ಅಲ್ಲಿ ಪೆಟ್ಟು ಬೀಳಲಿಲ್ಲ. ಆ ಜಾಗ ಖಾಲಿ ಉಳಿಯಿತು. ಅದು ದಾಟಿ ಅರೆಗಳಿಗೆ ಕಳೆದ ಮೇಲೆ ಒಂದೇ ಒಂದು ಪೆಟ್ಟು, ಮೆಲ್ಲಗೆ.

ಚೆಲುವರಾಜುವಿಗೆ ಮೈ ಜುಮ್ಮೆಂದಿತು.

“ಇನ್ನೊಂದ್ಸಲ ಮೇಷ್ಟ್ರೇ.”

ಆಚಾರ್ಯರು ಹಲ್ಲು ಕಚ್ಚಿ ನೋವು ತಡೆದುಕೊಂಡು ಇನ್ನೊಮ್ಮೆ ನುಡಿಸಿದರು. ಶಿಷ್ಯ ಸಿಟ್ಟು ಮರೆತು ಘಟವನ್ನೆಳೆದುಕೊಂಡ. ಕೈ ತಾನಾಗಿ ಅದನ್ನೇ ಹಿಂತಿರುಗಿಸಿತು, ಒಂದಕ್ಷರ ತಪ್ಪದೆ.

“ಇಂಥದ್ದನ್ನ ನನಗೆ ಯಾಕೆ ಹೇಳ್ಕೊಡ್ಲಿಲ್ಲ ನೀವು? ಯಾರದು ಇದು?”

“ನಿಂದು ಕಣೋ,” ಅಂದರು ಆಚಾರ್ಯರು. “ನಿನ್ನ ಆಚೆಗೆ ಹಾಕಿದ ದಿನದಿಂದ, ಬಾಗಿಲು ಹಾಕ್ಕೊಂಡು ದಿನಾ ಬೆಳಿಗ್ಗೆ ಇದನ್ನ ಸಾಧನೆ ಮಾಡ್ತಿದ್ದೀನಿ. ಹದಿನೈದು ವರ್ಷ ಆಯ್ತು. ಅವತ್ತು ನಿನಗೆ ಬಂದ ಹಾಗೆ ನನಗಿನ್ನೂ ಬಂದಿಲ್ಲ.”