ಹನ್ನೊಂದು ಚಿಪ್ಪುಗಳು

"ಬುದ್ಧಿ, ಗಂಟೆ ಈಗ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಇನ್ನು ನಾನು ಯಾಕಿರಬೇಕು?" ಎಂದು ಗುರುಬಸವ ಮಠದ ಗುರುಗಳನ್ನು ಕೇಳಿದ.

ಇಪ್ಪತ್ತೆರಡು ವರ್ಷ ಅವನು ಮಠದ ಬೆಳಗಿನ ಗಂಟೆ ಹೊಡೆದು, ಎಲ್ಲರೂ ಪ್ರಾರ್ಥನೆಗೆ ಬರುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದ. ಮೂರು ದಿನದ ಹಿಂದೆ ಭಕ್ತರೊಬ್ಬರು ಕರೆಂಟಿನ ಗಂಟೆ ತಂದು ಹಾಕಿಸಿದ್ದರು. ಈಗ ಅವನ ಕೈಯಲ್ಲಿ ಬಟ್ಟೆಬರೆ ತುಂಬಿದ ಚೀಲವಿತ್ತು.

ಗುರುಗಳು ಚೀಲವನ್ನು ನೋಡಿದರು. "ಕೂತುಕೋ. ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಒಂದು ಕಥೆ ಹೇಳತೊಡಗಿದರು.

ಕಡಲಿನಲ್ಲಿ ಒಂದು ಇಕ್ಕಟ್ಟಾದ ದಾರಿ. ಒಂದು ಕಡೆ ದಡದ ಬಂಡೆ, ಇನ್ನೊಂದು ಕಡೆ ನಡುಗಡ್ಡೆಯ ಬಂಡೆ. ನಡುವೆ ನೀರು ಸುಮ್ಮನಿರುವುದಿಲ್ಲ. ದಡದ ಬಂಡೆಯ ಮೇಲೆ ಮುತ್ತಜ್ಜನ ಕಾಲದ ದೀಪಸ್ತಂಭ. ಅದಕ್ಕೊಬ್ಬ ಕಾವಲುಗಾರ. ಹೊತ್ತು ಮುಳುಗುವಾಗ ದೀಪ ಹಚ್ಚುವುದು, ಬೆಳಗಾದಾಗ ಆರಿಸುವುದು, ಇಷ್ಟೇ ಅವನ ಕೆಲಸ.

ಯಾರೂ ಹೇಳದ ಇನ್ನೊಂದನ್ನೂ ಅವನು ಮಾಡುತ್ತಿದ್ದ. ಆ ದಾರಿಯಾಗಿ ಮೀನಿಗೆ ಹೋಗುವ ದೋಣಿಗಳು ಹನ್ನೊಂದು. ಒಂದೊಂದಕ್ಕೂ ಒಂದೊಂದು ಚಿಪ್ಪು ಇಟ್ಟುಕೊಂಡಿದ್ದ. ದೋಣಿ ಹೊರಟಾಗ ಅದರ ಚಿಪ್ಪು ಕಡಲಿನ ಕಡೆಯ ಕಿಟಕಿಗೆ. ಮರಳಿದಾಗ ಊರಿನ ಕಡೆಯ ಕಿಟಕಿಗೆ. ಮರಳುವವರು ಸ್ತಂಭದ ಕೆಳಗೆ ಬಂದಾಗ ಕೂಗುತ್ತಿದ್ದರು: "ಓ ದೀಪಣ್ಣಾ, ಊಟಕ್ಕೆ ಏನು?"

"ನೀವು ಕೊಟ್ಟರೆ ಮೀನು, ಇಲ್ಲದಿದ್ದರೆ ಬರೀ ಗಂಜಿ!"

ಒಂದು ದಿನ ಇಲಾಖೆಯವರು ಬಂದು ಯಂತ್ರ ಕೂರಿಸಿದರು. ಕತ್ತಲಾದರೆ ದೀಪ ತಾನೇ ಹೊತ್ತಿಕೊಳ್ಳುತ್ತದೆ, ಬೆಳಕಾದರೆ ತಾನೇ ಆರುತ್ತದೆ. ಅವರು ನಾಲ್ಕು ಒಳ್ಳೆಯ ಮಾತಾಡಿ, ಕಾವಲುಗಾರನಿಗೆ ಶಾಲು ಹೊದಿಸಿ, ಬೀಗದ ಕೈ ತೆಗೆದುಕೊಂಡು ಹೋದರು. ಅವನು ಚಿಪ್ಪುಗಳನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡ. ಮಾರನೆಯ ದಿನ ಘಟ್ಟದ ಮೇಲಿನ ತಂಗಿಯ ಮನೆಗೆ ಹೊರಡುವುದೆಂದಾಯಿತು.

ಆ ಸಂಜೆ, ಒಮ್ಮೆ ನೋಡಿಬಿಡೋಣ ಎಂದು ಸ್ತಂಭದ ಕೆಳಗಿನ ಬಂಡೆಯ ಮೇಲೆ ಕುಳಿತ. ದೀಪ ಹೊತ್ತಿತು. ಒಂದು ಗಳಿಗೆಯೂ ತಡವಾಗಲಿಲ್ಲ. ತಾನು ಹಚ್ಚಿದಾಗ ಇಷ್ಟು ಬೆಳಕಿರಲಿಲ್ಲ ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ದೋಣಿಗಳು ಬಂದವು. ಅವರು ರೂಢಿಯಂತೆ ಮೇಲೆ ನೋಡಿ ಕೂಗಿದರು. ಉತ್ತರ ಕೆಳಗಿನಿಂದ ಬಂತು. ಮಾತಾಡುತ್ತಿದ್ದಂತೆಯೇ ಅವನ ಕೈ ಗಂಟು ಬಿಚ್ಚಿ, ಚಿಪ್ಪುಗಳನ್ನೆಲ್ಲ ಎಡಕ್ಕೆ ಸುರಿದು, ಬಂದ ದೋಣಿಯದನ್ನು ಬಲಕ್ಕೆ ಇಡುತ್ತಿತ್ತು. ಬೆಳಿಗ್ಗೆ ಹನ್ನೊಂದೂ ಹೊರಟಿದ್ದವು. ಹತ್ತು ಬಲಕ್ಕೆ ಬಂದವು. ಎಡದಲ್ಲಿ ಉಳಿದದ್ದು ಒಬ್ಬನೇ ಮೀನಿಗೆ ಹೋಗುವ ಮುದುಕನ ಚಿಪ್ಪು.

ದೀಪ ತನ್ನ ಪಾಡಿಗೆ ಸುತ್ತುತ್ತಿತ್ತು. ಕಾವಲುಗಾರ ದೋಣಿ ಕಟ್ಟುವ ದಕ್ಕೆಗೆ ಓಡಿದ. ಬಲೆ ಇಳಿಸುತ್ತಿದ್ದವರನ್ನು ಬೈದು ಎಬ್ಬಿಸಿ, ಎರಡು ದೋಣಿಗಳನ್ನು ಕಡಲಿಗೆ ತಿರುಗಿಸಿದ.

ನಡುಗಡ್ಡೆಯ ಆಚೆ ಮುದುಕನ ದೋಣಿ ಮಗುಚಿತ್ತು. ಅವನು ಅದರ ಬೆನ್ನನ್ನು ತಬ್ಬಿಕೊಂಡಿದ್ದ. ಮೇಲೆತ್ತಿದಾಗ ಹಲ್ಲು ಕಟಕಟಿಸುತ್ತಾ ಹೇಳಿದ: "ದೀಪ ನನಗೆ ಕಾಣುತ್ತಲೇ ಇತ್ತು ಮಾರಾಯಾ. ನಾನು ಅದಕ್ಕೆ ಕಾಣಬೇಕಲ್ಲ?"

ಕಾವಲುಗಾರ ಘಟ್ಟ ಹತ್ತಲಿಲ್ಲ. ದಿನವೂ ಸಂಜೆ ಆ ಬಂಡೆಯ ಮೇಲೆ ಕುಳಿತ. "ಕೆಲಸವಿಲ್ಲದವನಿಗೆ ಮೀನು ಯಾಕೋ?" ಎಂದು ದೋಣಿಯವರು ಅಣಕಿಸುತ್ತಿದ್ದರು. ಅಣಕಿಸಿ, ದೊಡ್ಡದನ್ನೇ ಆರಿಸಿ ಎಸೆಯುತ್ತಿದ್ದರು.

ಗುರುಗಳು ನಿಲ್ಲಿಸಿದರು. ಗುರುಬಸವ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. "ಆದರೆ ಬುದ್ಧಿ, ಇಲ್ಲಿ ಕಡಲಿಲ್ಲ. ಯಾರೂ ಮುಳುಗುವುದಿಲ್ಲ."

"ಇವತ್ತು ಗಂಟೆಗೆ ಏಳದೆ ಉಳಿದವರು ಯಾರು, ಗುರುಬಸವಾ?"

ಗುರುಬಸವ ಚೀಲವನ್ನು ಅಲ್ಲೇ ಬಿಟ್ಟು, ಮಠದವರು ಮಲಗುವ ಕೋಣೆಗಳ ಸಾಲಿನ ಕಡೆಗೆ ನಡೆದ.