ಗೊಬ್ಬರದ ಗುಡ್ಡೆಗೆ ಜ್ವರ ಬಂತು!

ಮಕ್ಕಳೇ, ಪ್ರಶ್ನೆ ಕೇಳುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನನ್ನೇ ದಿನಕ್ಕೆ ನೂರು ಕೇಳಿ ತಲೆ ತಿನ್ನುತ್ತೀರಿ. ಆದರೆ ಈ ಕತೆಯಲ್ಲಿ ನಿಮ್ಮನ್ನೂ ಮೀರಿಸಿದವನೊಬ್ಬ ಇದ್ದಾನೆ. ಅವನೇ ಮುಂಗುಸಿ ಕೆಂಚಪ್ಪ.

ಕಾಡಿನ ಅಂಚಿನಲ್ಲಿ ಒಂದು ಕೆರೆ. ಕೆರೆಯ ಮೇಲ್ಗಡೆ ದೊಡ್ಡ ಹೊಂಗೆಮರ. ಅದರ ಬುಡದಲ್ಲಿ ಕೆಂಚಪ್ಪನ ಬಿಲ. ಪಕ್ಕದ ಪೊದೆಯಲ್ಲಿ ಮೊಲ ದ್ಯಾವಕ್ಕನ ಮನೆ. ಮನೆ ಮುಂದೆ ಅವಳ ಪುಟ್ಟ ಕೈತೋಟ.

ಕೆಂಚಪ್ಪ ಕೆಟ್ಟವನಲ್ಲ. ಕರೆದರೆ ಬರುತ್ತಾನೆ, ಹೇಳಿದರೆ ಮಾಡುತ್ತಾನೆ. ಅವನಲ್ಲಿದ್ದದ್ದು ಒಂದೇ ಒಂದು ದೋಷ. ಪ್ರಶ್ನೆ ಕೇಳುತ್ತಿದ್ದ, ಉತ್ತರ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. "ಅಜ್ಜ, ಆಮೆಗೆ ಚಿಪ್ಪು ಯಾಕೆ?" ಎಂದು ಕೇಳಿ, ಆಮೆಯಜ್ಜ ಕತ್ತು ಹೊರಗೆ ಹಾಕುವಷ್ಟರಲ್ಲಿ ಇವನು ಕೆರೆಯ ಆಚೆ ದಡದಲ್ಲಿರುತ್ತಿದ್ದ!

ದ್ಯಾವಕ್ಕನಿಗೆ ನಾಲ್ಕು ಮರಿಗಳು. ಹಿಂದಿನ ವರ್ಷ ಅವಳ ತೋಟದಲ್ಲಿ ಏನೂ ಸರಿಯಾಗಿ ಬೆಳೆದಿರಲಿಲ್ಲ. ಹರಿವೆ ಸೊಪ್ಪು ಹಳದಿಯಾಯಿತು. ಸೋರೆ ಬಳ್ಳಿಯಲ್ಲಿ ಹೆಬ್ಬೆರಳಿನಷ್ಟು ಕಾಯಿ ಬಿಟ್ಟು ಉದುರಿಹೋಯಿತು. ಮರಿಗಳು ಹೊಂಗೆಯ ಒಣ ತೊಗಟೆ ಅಗಿದು ಮಲಗಿದ ದಿನಗಳನ್ನು ನೆನೆಸಿಕೊಂಡರೆ ಅವಳಿಗೆ ಈಗಲೂ ಕಣ್ಣು ತುಂಬುತ್ತದೆ.

"ಈ ಸಲ ಮಣ್ಣಿಗೆ ಗೊಬ್ಬರ ಹಾಕಿಯೇ ಬೀಜ ಬಿತ್ತುತ್ತೇನೆ" ಎಂದು ಅವಳು ಹಠ ತೊಟ್ಟಳು.

ಎಲೆ ಉದುರುವ ಕಾಲ ಅದು. ದ್ಯಾವಕ್ಕ ಒಣ ಎಲೆ ಗುಡಿಸಿ ತಂದು ಹಾಸಿದಳು. ಅದರ ಮೇಲೆ ಕೆರೆಯಂಚಿನ ಹಸಿ ಹುಲ್ಲು. ಅದರ ಮೇಲೆ ಕಾಡೆಮ್ಮೆಯ ಸಗಣಿ, ಒಂದು ಹಿಡಿ ಮಣ್ಣು. ಮತ್ತೆ ಎಲೆ, ಮತ್ತೆ ಹುಲ್ಲು. ನಡುನಡುವೆ ನೀರು ಚಿಮುಕಿಸಿದಳು. ಕೊನೆಗೆ ಮುತ್ತುಗದ ಎಲೆ ಹೊದಿಸಿ ಕೈ ಝಾಡಿಸಿಕೊಂಡಳು.

ಕೆಂಚಪ್ಪ ಸುತ್ತಲೂ ಮೂಸಿ ನೋಡಿದ. "ಅಕ್ಕಾ, ಇದೇನು? ಕಸಕ್ಕೆ ಯಾಕೆ ಹೊದಿಕೆ? ಒಳಗೆ ಯಾರಿದ್ದಾರೆ?"

"ಕೂತುಕೋ, ಹೇಳುತ್ತೇನೆ. ಇದು ಒಳಗೊಳಗೇ ಕೊಳೆತು..."

"ಓಹೋ, ಕೊಳೆಯುತ್ತಾ!" ಎಂದವನೇ ಬಾಲ ಎತ್ತಿಕೊಂಡು ಓಡಿದ. ಓತಿಕ್ಯಾತ ತಲೆ ಯಾಕೆ ಆಡಿಸುತ್ತದೆ ಎಂದು ಕೇಳುವುದಿತ್ತಂತೆ.

ಮೂರನೆಯ ದಿನ ದ್ಯಾವಕ್ಕನಿಗೆ ಗುಡ್ಡದಾಚೆಯ ತಂಗಿಯ ಮನೆಗೆ ಹೋಗಬೇಕಾಯಿತು. ಒಳ್ಳೆಯ ಸೋರೆ ಬೀಜ ಇದ್ದದ್ದು ಆ ತಂಗಿಯ ಹತ್ತಿರ ಮಾತ್ರ. ಮರಿಗಳನ್ನು ಹೊರಡಿಸಿಕೊಂಡು ಪಕ್ಕದ ಬಿಲಕ್ಕೆ ಬಂದಳು.

"ಕೆಂಚಪ್ಪಾ, ಎರಡು ದಿನ ಗುಡ್ಡೆ ನೋಡಿಕೊಳ್ಳುತ್ತೀಯಾ? ಒಣಗಿದ ಹಾಗೆ ಕಂಡರೆ ನೀರು ಚಿಮುಕಿಸು."

"ಆಗಲಿ ಅಕ್ಕಾ. ಬೇರೆ ಏನಾದರೂ ಆದರೆ?"

"ಒಳಗೆ ಬಿಸಿಯಾಗುತ್ತದೆ. ಆಗ ನೀನು..."

ನೋಡಿದರೆ ಕೆಂಚಪ್ಪ ಇಲ್ಲ! ನೀರು ಚಿಮುಕಿಸಲು ಒಣ ಸೋರೆಬುರುಡೆ ಹುಡುಕಲು ಓಡಿಯಾಗಿತ್ತು. "ಇವನನ್ನು ಕಟ್ಟಿಹಾಕಿಕೊಂಡು ಮಾತಾಡಬೇಕು" ಎಂದು ಗೊಣಗುತ್ತಾ ದ್ಯಾವಕ್ಕ ಗುಡ್ಡ ಹತ್ತಿದಳು.

ಮರುದಿನ ಮುಂಜಾನೆ ಚಳಿಯಿತ್ತು. ಕೆಂಚಪ್ಪ ಬಿಲದಿಂದ ಮೂತಿ ಹೊರಗಿಟ್ಟ. ಗುಡ್ಡೆಯ ನೆತ್ತಿಯಿಂದ ಬೆಳ್ಳಗೆ ಹಬೆ ಏಳುತ್ತಿತ್ತು!

ಓಡಿಹೋಗಿ ಒಳಗೆ ಕೈ ತೂರಿಸಿದ. ಸುಡು ಸುಡು ಬಿಸಿ!

"ಅಯ್ಯಯ್ಯೋ, ಗುಡ್ಡೆಗೆ ಜ್ವರ ಬಂದಿದೆ! ಅಕ್ಕ ನಂಬಿ ಬಿಟ್ಟುಹೋಗಿದ್ದಾಳಲ್ಲಪ್ಪ!"

ಗುಡ್ಡೆಯ ಅಡಿಯ ತಂಪು ಮಣ್ಣಿನಿಂದ ಎರೆಹುಳು ನಿಂಗಜ್ಜ ತಲೆ ಎತ್ತಿದ. "ಏನೋ ಗಲಾಟೆ?"

"ಅಜ್ಜಾ, ಹಬೆ ಬರುತ್ತಿದೆ! ಯಾಕೆ?"

"ಹಬೆ ಬಂತಾ? ಒಳ್ಳೆಯದೇ ಆಯಿತು. ಯಾಕೆಂದರೆ..."

ಯಾರಿಗೆ ಹೇಳುವುದು? ಕೆಂಚಪ್ಪ ಆಗಲೇ ಕೆರೆಯಲ್ಲಿ ಬುರುಡೆ ಅದ್ದುತ್ತಿದ್ದ. ತಂದು ಸುರಿದ, ಮತ್ತೆ ಓಡಿದ. ಮಧ್ಯಾಹ್ನದವರೆಗೆ ಅರವತ್ತು ಬುರುಡೆ ನೀರು! ಕಾಲು ಸೋತು ನಾಲಗೆ ಹೊರಬಂದಿತ್ತು, ಆದರೂ ಬಿಡಲಿಲ್ಲ. ಕೊನೆಗೆ ಮುಟ್ಟಿ ನೋಡಿದ. ಗುಡ್ಡೆ ತಣ್ಣಗಾಗಿತ್ತು. "ಅಬ್ಬಾ, ಬದುಕಿತು!" ಎಂದು ಅದರ ಪಕ್ಕದಲ್ಲೇ ಬಿದ್ದುಕೊಂಡ.

ಮಾರನೆಯ ದಿನ ಸಂಜೆ ದ್ಯಾವಕ್ಕ ಬಂದಳು. ಮೊದಲು ಬಂದದ್ದು ವಾಸನೆ. ಮರಿಗಳು ಮೂಗು ಮುಚ್ಚಿಕೊಂಡವು. ಗುಡ್ಡೆ ಇದ್ದಲ್ಲಿ ಗಬ್ಬು ನಾರುವ ಕೆಸರು. ಅದರಿಂದ ಇಳಿದ ಕಪ್ಪು ನೀರು ಸಾಲುಗಟ್ಟಿ ಕೆರೆಯ ಕಡೆ ಹರಿದುಹೋಗಿತ್ತು.

"ಅಕ್ಕಾ, ಜ್ವರ ಇಳಿಸಿಬಿಟ್ಟೆ!" ಎಂದ ಕೆಂಚಪ್ಪ, ಶಹಬ್ಬಾಸ್ ಅನ್ನುತ್ತಾಳೆ ಎಂದು ಕಾಯುತ್ತಾ.

ದ್ಯಾವಕ್ಕ ಬೀಜದ ಗಂಟು ಹಿಡಿದುಕೊಂಡೇ ನೆಲಕ್ಕೆ ಕುಸಿದಳು. "ಆ ಬಿಸಿಯಿಂದಲೇ ಅಲ್ಲವೇನೋ ಗೊಬ್ಬರ ಆಗುವುದು! ಸಾರವೆಲ್ಲ ಕೆರೆಪಾಲಾಯಿತು. ಕೆರೆಯಂಚಿನ ಹಸಿ ಹುಲ್ಲನ್ನೆಲ್ಲ ಆಗಲೇ ಕೊಯ್ದಾಯಿತು, ಇನ್ನು ಸಿಗುವುದಿಲ್ಲ. ಈ ವರ್ಷವೂ ನನ್ನ ಮಕ್ಕಳು ತೊಗಟೆ ತಿನ್ನಬೇಕಾ?" ಎಂದು ಅತ್ತುಬಿಟ್ಟಳು.

ಕೆಂಚಪ್ಪನ ಬಾಲ ಜೋತುಬಿತ್ತು. ಅವನು ಮರಿಗಳ ಮುಖ ನೋಡಿದ. ನಾಲ್ಕೂ ಅವನನ್ನೇ ನೋಡುತ್ತಿದ್ದವು.

ಒದ್ದೆಯಾಗಿ ಮುದುಡಿದ್ದ ನಿಂಗಜ್ಜ ಕಲ್ಲಿನ ಮೇಲಿಂದ ಕೂಗಿದ. "ನನ್ನ ಸಂಸಾರವನ್ನೇ ಮುಳುಗಿಸಿದೆಯಲ್ಲೋ ಪುಣ್ಯಾತ್ಮ!"

"ತಪ್ಪಾಯಿತು ಅಜ್ಜಾ. ಇದನ್ನು ಉಳಿಸಲು ಏನು ಮಾಡಬೇಕು?" ಎಂದ ಕೆಂಚಪ್ಪ. ಕಾಲು ಓಡಲು ತುರಿಸುತ್ತಿತ್ತು. ಮುಂಗಾಲಿನಿಂದ ಹಿಂಗಾಲು ಗಟ್ಟಿಯಾಗಿ ಹಿಡಿದು ಕೂತ.

ಎರೆಹುಳುವಿನ ಮಾತು ನಿಮಗೆ ಗೊತ್ತಲ್ಲ, ಅದರ ನಡಿಗೆಯ ಹಾಗೇ. ನಿಂಗಜ್ಜ ಎಳೆದು ಎಳೆದು ಹೇಳಿದ. "ಒಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಜೀವಗಳಿವೆ. ಎಲೆ, ಹುಲ್ಲು ತಿಂದು ಅವು ಗೊಬ್ಬರ ಮಾಡುತ್ತವೆ. ಕೆಲಸ ಜೋರಾದರೆ ಬಿಸಿಯೇಳುತ್ತದೆ. ಬಿಸಿ ಇಳಿದ ಮೇಲೆ ನಮ್ಮ ಸರದಿ. ಆ ಪುಟ್ಟ ಜೀವಗಳಿಗೂ ಉಸಿರಾಡಲು ಗಾಳಿ ಬೇಕು, ನೀನು ಉಸಿರು ಕಟ್ಟಿಸಿದೆ. ಈಗ ಇದನ್ನೆಲ್ಲ ಹರವು. ನೀರು ಆರಲಿ. ಒಣ ಎಲೆ ಬೆರೆಸಿ ಮತ್ತೆ ಗುಡ್ಡೆ ಹಾಕು. ಸಗಣಿ ತಂದು ಸೇರಿಸು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕು. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು."

ಕೆಂಚಪ್ಪ ಎದ್ದ. ಮತ್ತೆ ಕೂತ. "ಮುಗಿಯಿತಾ ಅಜ್ಜಾ?"

"ಮುಗಿಯಿತು."

ಆಗ ಓಡಿದ ನೋಡಿ! ಅವನ ಉಗುರುಗಳು ಮಣ್ಣು ಕೆದಕಲು ಹೇಳಿ ಮಾಡಿಸಿದಂಥವು. ಕೆಸರನ್ನೆಲ್ಲ ಹರವಿದ, ಎಲೆ ಬೆರೆಸಿದ, ಕಾಡೆಮ್ಮೆಯ ಹಿಂದೆ ಅಲೆದು ಸಗಣಿ ತಂದ. ನಾಲ್ಕು ದಿನಕ್ಕೆ ಹೊಸ ಗುಡ್ಡೆ ಎದ್ದಿತು. ಹಳೆಯದರ ಅರ್ಧದಷ್ಟೇ. ಐದನೆಯ ಮುಂಜಾನೆ ಅದರ ನೆತ್ತಿಯಿಂದ ಹಬೆ ಬಂದಾಗ ಅವನು ಖುಷಿಯಿಂದ ಕುಣಿದ.

ಮುಂಗಾರಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಸೂಸುತ್ತಿತ್ತು. ಆದರೆ ತೋಟದಲ್ಲಿ ಬೀಜ ಬಿತ್ತುವ ಎರಡು ಮಡಿಗಳಲ್ಲಿ ಒಂದಕ್ಕೆ ಮಾತ್ರ ಸಾಕಾಯಿತು. ಆ ಮಡಿಯ ಬಳ್ಳಿ ಹೊಂಗೆಮರ ಹತ್ತಿ, ಒಂದೊಂದು ಸೋರೆಕಾಯಿ ಮರಿಮೊಲದಷ್ಟು ದಪ್ಪಗಾಯಿತು. ಇನ್ನೊಂದು ಮಡಿಯಲ್ಲಿ ಮತ್ತೆ ಹೆಬ್ಬೆರಳಿನಷ್ಟೇ. ಮರಿಗಳ ಹೊಟ್ಟೆ ತುಂಬಿತು. ಕೆಂಚಪ್ಪ ಮಾತ್ರ ಆ ಬರಡು ಮಡಿಯ ಮುಂದೆ ಹಾದಾಗಲೆಲ್ಲ ತಲೆ ತಗ್ಗಿಸುತ್ತಿದ್ದ.

ಮುಂದಿನ ವರ್ಷ ಹೊಸ ಗುಡ್ಡೆಯಿಂದ ಹಬೆ ಎದ್ದಿತು. ದ್ಯಾವಕ್ಕನ ಕಿರಿಮಗಳು ಕಣ್ಣರಳಿಸಿ, "ಕೆಂಚಮಾವಾ, ಇದ್ಯಾಕೆ ಹೀಗೆ ಬಿಸಿ?" ಎಂದು ಕೇಳಿದವಳೇ ಒಂದು ಜಿಗಿತ ಜಿಗಿದಳು.

ಕೆಂಚಪ್ಪ ಅವಳ ಉದ್ದ ಕಿವಿಯನ್ನು ಮೆಲ್ಲಗೆ ಹಿಡಿದು ಕೂರಿಸಿದ. "ಎಲ್ಲಿಗೆ ಹೊರಟೆ ತಾಯಿ? ನಿನ್ನ ಪ್ರಶ್ನೆ ಮುಗಿಯಿತು. ನನ್ನ ಉತ್ತರ ಇನ್ನೂ ಶುರುವಾಗಿಲ್ಲ."

ನೀತಿ: ಪ್ರಶ್ನೆ ಕೇಳಿದವರು ಉತ್ತರ ಮುಗಿಯುವವರೆಗೂ ನಿಲ್ಲಬೇಕು, ಅರ್ಧ ಕೇಳಿಸಿಕೊಂಡು ಮಾಡಿದ ಉಪಕಾರ ಹಾನಿಯನ್ನೇ ಮಾಡುತ್ತದೆ.