ದಾನಮ್ಮ ಬರೆದಿಟ್ಟ ಪುಟ

ಹೊಳೆದಂಡೆಯಲ್ಲೊಂದು ಮಠ. ಹೊಳೆ ಏರಿದರೆ ತಾನಾಗಿ ಗಂಟೆ ಬಾರಿಸುವ ಕಂಪ್ಯೂಟರ್ ಒಂದು ಅಲ್ಲಿತ್ತು. ನಡುಗಡ್ಡೆಯಲ್ಲಿ ಕುರಿ ಮೇಯಿಸುವವರು ಆ ಸದ್ದು ಕೇಳಿ ದಂಡೆಗೆ ಬರುತ್ತಿದ್ದರು.

ಅದರ ಪ್ರೋಗ್ರಾಂ ಬರೆದವಳು ದಾನಮ್ಮ ಎಂಬ ಶಿಷ್ಯೆ. ಅವಳು ತೀರಿಕೊಂಡು ಆರು ವರ್ಷವಾಗಿತ್ತು.

ಹೊಸ ಶಿಷ್ಯ ಚೆನ್ನವೀರ ಅದನ್ನು ತೆರೆದೂ ನೋಡದೆ ಬದಿಗಿಟ್ಟ. ಹಳೇದು ಯಾಕೆ ಅಂತ ತನ್ನದೇ ಒಂದು ಬರೆದು ಹಚ್ಚಿದ.

ಮರುದಿನ ಬೆಳಿಗ್ಗೆ ನೀರು ನಡುಗಡ್ಡೆಗೆ ಹತ್ತಿತು. ಗಂಟೆ ಸುಮ್ಮನಿತ್ತು.

ಮಠದ ಗುರುಗಳೇ ಓಡಿಬಂದು ಗಂಟೆಯ ಹಗ್ಗ ಜಗ್ಗಿದರು. ಕುರಿಗಾರರು ಮರಿಗಳನ್ನು ಹೆಗಲಿಗೇರಿಸಿ, ಎದೆಮಟ್ಟ ನೀರಲ್ಲಿ ದಾಟಿ ಬಂದರು.

ನೀರು ಇಳಿಯಿತು. ಹುಲ್ಲು ಇದ್ದದ್ದು ನಡುಗಡ್ಡೆಯಲ್ಲೇ, ಕುರಿಗಾರರು ಮತ್ತೆ ಹೋದರು. ಸಂಜೆಗೆ ಮೇಲಿನ ಅಣೆಕಟ್ಟಿನಿಂದ ಮತ್ತೆ ನೀರು ಬರುವುದಿತ್ತು. ಗುರುಗಳು ಹಗ್ಗ ಹಿಡಿದು ಕೂತೇ ಇದ್ದರು.

"ಅಜ್ಜಾರ, ಏಳ್ರಿ," ಎಂದ ಚೆನ್ನವೀರ. "ಎಂಬತ್ತು ವರ್ಷದ ಕೈ ಅವು."

"ನಿನ್ನ ಗಂಟಿ ನಂಬೂಹಂಗಾದ್ರ ಏಳ್ತೀನಿ."

"ಪ್ರೋಗ್ರಾಮಿನ ಭಾಷಾದಾಗ ಏನೋ ತಪ್ಪ ತಿಳಕೊಂಡೀನ್ರಿ. ಅದರ ಕೈಪಿಡಿ ನೋಡಬೇಕು. ಇಲ್ಲಿ ನೆಟ್ ಇಲ್ಲ, ಗುಡ್ಡ ಹತ್ತಿ ಬರ್ತೀನಿ."

"ಗ್ರಂಥ ಮನ್ಯಾಗಿಟ್ಟು ಗುಡ್ಡ ಯಾಕ ಹತ್ತತೀಪಾ?"

ಗುರುಗಳು ಗದ್ದದಿಂದಲೇ ಗೋಡೆಯತ್ತ ತೋರಿಸಿದರು. ಅಲ್ಲಿ ದಾನಮ್ಮ ಸೀಮೆಸುಣ್ಣದಲ್ಲಿ ಬರೆದ, ಕಂಪ್ಯೂಟರಿಗೆ ಕೊಡುವ ಆಜ್ಞೆಯ ಒಂದೇ ಸಾಲು. ಚೆನ್ನವೀರ ಅದನ್ನೇ ಕಂಪ್ಯೂಟರಿಗೆ ಟೈಪ್ ಮಾಡಿದ.

ಬ್ರೌಸರಿನಲ್ಲಿ ಪುಟ ತೆರೆಯಿತು. ಮೇಲಿನ ವಿಳಾಸ ನೋಡಿದ. ಹೊರಗಿನದಲ್ಲ, ಅದೇ ಯಂತ್ರದ್ದು. ಯಂತ್ರ ತನ್ನನ್ನೇ ಕೇಳಿ, ತಾನೇ ಉತ್ತರ ಕೊಡುತ್ತಿತ್ತು.

ಅವನು ಹುಡುಕುತ್ತಿದ್ದ ಕೈಪಿಡಿಯೇ, ನೂರಾರು ಪುಟ. ಎಲ್ಲಿಯದೋ ದೇಶಗಳಲ್ಲಿ ಕೂತ, ಮುಖವೇ ಕಾಣದ ಜನ, ಒಂದೊಂದು ಕೆಲಸವನ್ನೂ ಹಿಂಗಲ್ಲ ಹಿಂಗೆ ಎಂದು ಬಿಡಿಸಿ ಬರೆದಿಟ್ಟಿದ್ದರು.

"ಇಷ್ಟೂ ಇಲ್ಲೇ ಇತ್ತೇನ್ರಿ?"

"ನೀ ಬರೂಕಿಂತ ಮೊದಲಿಂದ. ಕೆಳಗ ಹೋಗು."

ಹೋದ. ಯಂತ್ರದಲ್ಲಿರುವ ಎಲ್ಲ ಪ್ರೋಗ್ರಾಮುಗಳ ಪಟ್ಟಿ ಅದು, ಕೊನೆಯಲ್ಲಿ ದಾನಮ್ಮನ ಗಂಟೆಯದು. ಅದರ ಕೆಳಗೆ ಅವನದು. ಆ ದೊಡ್ಡವರ ಪಂಕ್ತಿಯಲ್ಲೇ.

ದಾನಮ್ಮನ ಪುಟ ಒತ್ತಿದ.

"ಮುಂದೆ ಬರುವವರಿಗೆ. ಅಳತೆಗಂಬ ನಿಂತಿರುವುದು ನೀರೊಳಗಿನ ಬಂಡೆಯ ಮೇಲೆ. ಆ ಬಂಡೆಯೇ ಮೂರು ಗೇಣು ಎತ್ತರ. ಕಂಬ ತೋರಿಸಿದ್ದಕ್ಕೆ ಮೂರು ಕೂಡಿಸಿ. ಗಾಬರಿಯಾಗಬೇಡಿ, ನಾನೂ ಮೊದಲು ತಪ್ಪಿದ್ದೆ."

ಚೆನ್ನವೀರ ಆ ಪುಟವನ್ನು ಮತ್ತೊಮ್ಮೆ ಓದಿದ. ಆಮೇಲೆ ತನ್ನ ಪ್ರೋಗ್ರಾಮಿನಲ್ಲಿ ಮೂರು ಕೂಡಿಸಿದ.

ಸಂಜೆ ನೀರು ಬಂತು. ಗಂಟೆ ತಾನಾಗಿ ಮೊಳಗಿತು. ಗೊರಸು ಮುಳುಗುವಷ್ಟೇ ನೀರಲ್ಲಿ ಕುರಿಗಳು ದಂಡೆಗೆ ಬಂದವು.

ಗುರುಗಳಿಗೆ ಹಗ್ಗ ಬಿಡಲಾಗಲಿಲ್ಲ. ಬೆರಳು ಹಾಗೇ ಸೆಟೆದು ನಿಂತಿದ್ದವು. ಚೆನ್ನವೀರ ಒಂದೊಂದಾಗಿ ಬಿಡಿಸಿದ.

"ಅಜ್ಜಾರ, ನಾ ಬರ್ತೀನಂತ ದಾನಮ್ಮಗ ಹೆಂಗ ಗೊತ್ತಿತ್ರಿ?"

"ನಿನ್ನ ಪುಟದಾಗ ಏನೈತಿ?"

ಚೆನ್ನವೀರ ಹೋಗಿ ನೋಡಿ ಬಂದ.

"ಹೆಸರಷ್ಟ ಐತ್ರಿ. ಕೆಳಗ ಖಾಲಿ."

"ಅಂದ್ರ, ನಿನ್ನ ಹಿಂದ ಯಾರೂ ಬರೂದಿಲ್ಲಂತ ತಿಳಕೊಂಡಿದ್ದೇನು?"